ದನಿಗೆ ಹಾಕಿದ ಅಕ್ಕಿ

ಜವರನಿಗೆ ರಾಗ ಇರಲಿಲ್ಲ. ಕೊಡಗಿನ ಬಾಳೆಲೆ ಎಂಬ ಊರಿನ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಮನೆಸಾಲಿನಲ್ಲಿ, ಸೋಬಾನೆ ಹೇಳುವ ಹೆಂಗಸರು, ಅವನೇನಾದರೂ ಬಾಯಿ ಸೇರಿಸಿದರೆ, ಹಾಡು ನಿಲ್ಲಿಸಿ ಅವನು ಎದ್ದು ಹೋಗುವ ತನಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವನಿಗಿದ್ದದ್ದು ಕೂಗು ಒಂದೇ. ಗಂಟಲಿನಲ್ಲಿ ಗಡ್ಡೆ ಎದ್ದು ಆ ಕೂಗೂ ಹೋಗಿ ಎರಡು ಮಳೆಗಾಲ ಕಳೆದಿತ್ತು. ಈಗ ಅವನು ಕಾಫಿ ಒಣಗಿಸುವ ಕಣ ಕಾಯುತ್ತಿದ್ದ. ದನ ಬಂದರೆ ಹಚಾ ಎನ್ನಲು ಸ್ವರ ಏಳದೆ ಚಪ್ಪಾಳೆ ತಟ್ಟುತ್ತಿದ್ದ. ದನಗಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇಂಥವನು ಒಂದು ಕಾಲಕ್ಕೆ ಹಾಡಿ ಹೆಸರು ಮಾಡಿದ್ದ ಎಂದರೆ ಹೊಸದಾಗಿ ಲೈನಿಗೆ ಬಂದವರು ನಂಬುತ್ತಿರಲಿಲ್ಲ. ಜವರನಿಗೂ ಪೂರಾ ನಂಬಿಕೆ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದಾಗ ಅದು ಶುರುವಾದದ್ದು. ಒಂದು ದಿನ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ಕೆಟ್ಟು ಕೆಲಸ ನಿಂತಿತ್ತು. ಕಣದ ಕಟ್ಟೆಯ ಮೇಲೆ ಮೂವರು ಹುಡುಗರು ಕೂತಿದ್ದರು. ಒಬ್ಬ ಬೀರ, ಅವನ ಅಪ್ಪ ಸಾವಿಗೆ ತಮಟೆ ಬಡಿಯುವವನು, ಬೀರನ ಕೈಗೂ ಆ ಬಡಿತ ಬಿಟ್ಟರೆ ಬೇರೆ ಹತ್ತಿರಲಿಲ್ಲ. ಇನ್ನೊಬ್ಬ ಪಾಪ ಎಂಬವನು, ಅವನ ಕಾಲ ಸಂದಿಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ. ಮೂರನೆಯವನು ಜವರ. ಹಿಂದಿನ ದಿನ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದರೂ ಮೇಸ್ತ್ರಿ ಅವನನ್ನು ಕಾಣಲೇ ಇಲ್ಲವೆಂದು ಹೇಳಿ ಹಾಜರಿ ತಪ್ಪಿಸಿದ್ದ. ಬೀರ ಬೇಸರಕ್ಕೆ ಸಾವಿನ ಬಡಿತ ಬಡಿದ. ಪಾಪ ಅದರ ಎರಡರಷ್ಟು ವೇಗದಲ್ಲಿ ಡಬ್ಬ ಚಚ್ಚಿದ. ಜವರ ಎದ್ದು ನಿಂತು ಕೂಗಿದ.

"ಬೆಳಿಗ್ಗೆ ಬಂದೆ, ಬರಲಿಲ್ಲ ಅಂದ್ರು
ಇಲ್ಲೇ ನಿಂತಿದ್ದೆ, ಎಲ್ಲಿದ್ದೆ ಅಂದ್ರು
ನಾ ಎಲ್ಲಿದ್ದೆ, ನಾ ಎಲ್ಲಿದ್ದೆ, ಯಾರಾರ ಹೇಳಿ"

ಅಷ್ಟೇ ಹಾಡು. ಬೀಡಿ ಹಚ್ಚಿ ಎರಡು ದಮ್ಮು ಎಳೆಯುವುದರೊಳಗೆ ಮುಗಿದುಹೋಯಿತು. ಕೂಗುವಾಗ ಅವನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಕೊನೆಯ ಮಾತು ಮಾತಾಗಿ ಉಳಿಯದೆ ಒಡೆದುಹೋಯಿತು. ಸುತ್ತ ನಿಂತವರಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಇಬ್ಬರು ಹೆಂಗಸರು ಅತ್ತುಬಿಟ್ಟರು. ಯಾಕೆ ಅಳ್ತೀರಿ ಎಂದು ಯಾರೋ ಕೇಳಿದ್ದಕ್ಕೆ ಒಬ್ಬಳು, "ನಂಗೇನ್ ಗೊತ್ತು, ಅವ್ನ್ ಕೇಳು" ಎಂದು ಜವರನನ್ನು ತೋರಿಸಿದಳು. ಜವರನಿಗೆ ಗೊತ್ತಿರಲಿಲ್ಲ. ಕೂಗುವಾಗ ಅವನ ಕಿವಿಯಲ್ಲಿ ರಕ್ತದ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಲೈನಿನಲ್ಲಿ ಸಾವು ಹುಟ್ಟುಗಳ ಕಟ್ಟಳೆ ಹೇಳುತ್ತಿದ್ದವಳು ದೊಡ್ಡಿ ಎಂಬ ಮುದುಕಿ. ಹೆಣ ಇಲ್ಲದೆ ಹೆಣದ ಬಡಿತ ಬಡಿದರೆಂದು ಅವಳು ಪೊರಕೆ ಹಿಡಿದುಕೊಂಡೇ ಕಣಕ್ಕೆ ಬಂದಳು. ಮೂವರೂ ಕಾಲು ಹಿಡಿದರು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ತಮಟೆಯ ಬಳೆಗೆ ಕಾಫಿಯ ಹಸಿರು ರೆಂಬೆ ಸಿಕ್ಕಿಸಬೇಕು. ಹಸಿರು ಕಂಡರೆ ಸಾವಿಲ್ಲ ಎಂದು ಜನ ತಿಳಿದುಕೊಳ್ಳುತ್ತಾರೆ. ಅದೂ ಎಲ್ಲರೂ ಕಣ್ಣೆದುರು ಸೇರಿದ್ದಾಗ ಮಾತ್ರ ಬಡಿಯಬೇಕು, ಮರೆಯಲ್ಲಿ ಬಡಿಯಕೂಡದು.

ಎರಡು ಕಾಫಿಹಣ್ಣಿನ ಕಾಲ ಅವರು ಹಾಗೆಯೇ ಹಾಡಿದರು. ತಿತಿಮತಿಯ ಲೈನಿನವರು ನೋಡಲು ಬಂದು ಹೋಗಿ ತಾವೂ ತಮಟೆಗೆ ಹಸಿರು ಸಿಕ್ಕಿಸಿದರು. ಕುಟ್ಟದ ಕಡೆ ನಾಲ್ಕು ಜನರ ಒಂದು ಗುಂಪಾಯಿತು. ಅವರಲ್ಲಿ ಕೂಗುವವನು ಜವರನ ಹಾಗೆಯೇ ಕೊನೆಯ ಮಾತನ್ನು ಒಡೆಯುತ್ತಿದ್ದನಂತೆ, ಗಂಟಲು ನೆಟ್ಟಗಿದ್ದರೂ. ಆಮೇಲೆ ಪಾಪ ಮರ ಲೋಡು ಮಾಡುವ ಕೆಲಸಕ್ಕೆಂದು ಮಾಕುಟ್ಟಕ್ಕೆ ಹೋದ. ಬೀರನಿಗೆ ಮದುವೆಯಾಯಿತು, ಮಾವ ತಮಟೆ ಮುಟ್ಟಬೇಡ ಎಂದ. ಜವರನ ಗಂಟಲು ಹೋಯಿತು. ಜಗಳ ಏನೂ ಆಗಲಿಲ್ಲ. ನಿಂತುಹೋಯಿತು, ಅಷ್ಟೇ.

ಉಳಿದದ್ದು ರೈಟರ್ ನಾಣಯ್ಯನ ಹತ್ತಿರ ಇದ್ದ ಟೇಪುಗಳು. ನಾಣಯ್ಯ ಕರಿಕೆಯ ಕಡೆಯ ಗೌಡರವನು, ಎಸ್ಟೇಟಿನ ಹಾಜರಿ, ಲೆಕ್ಕ ಎಲ್ಲ ನೋಡಿಕೊಳ್ಳುತ್ತಿದ್ದ. ಇಂಗ್ಲೆಂಡಿಗೆ ವಾಪಸು ಹೊರಟ ದೊರೆಯೊಬ್ಬ ಬಿಟ್ಟುಹೋದ ಟೇಪ್ ರೆಕಾರ್ಡರ್ ಅವನಿಗೆ ಸಿಕ್ಕಿತ್ತು. ಹುಡುಗರು ಹಾಡುವ ಕಡೆಯೆಲ್ಲ ಅದನ್ನು ಹೊರಿಸಿಕೊಂಡು ಹೋಗಿ ಟೇಪಿನ ಸಣ್ಣ ಸಣ್ಣ ಚಕ್ರಗಳ ಮೇಲೆ ಹಿಡಿದಿಟ್ಟಿದ್ದ. ಜವರ ಅವನ್ನು ಒಮ್ಮೆಯೂ ಕೇಳಿರಲಿಲ್ಲ. ಆಗ ಕೇಳುವ ಅಗತ್ಯ ಕಂಡಿರಲಿಲ್ಲ. ಗಂಟಲು ಹೋದ ಮೇಲೆ ಅದೊಂದೇ ಆಸೆಯಾಗಿ ಉಳಿಯಿತು. ಜನ ಏನನ್ನು ಕೇಳಿ ಅತ್ತರು, ತನ್ನ ಬಾಯಿಂದ ಏನು ಹೊರಟಿತು, ಒಂದು ಸಲ ಕೇಳಬೇಕು. ಕೇಳಿದರೆ ತಿಳಿಯುತ್ತದೆ ಎಂದು ಅವನ ಎಣಿಕೆ.

ಜನವರಿಯ ಕೊನೆಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿದ್ದಾಗ ಒಂದು ಮಧ್ಯಾಹ್ನ ನಾಣಯ್ಯ ಅವನನ್ನು ಎಸ್ಟೇಟ್ ಆಫೀಸಿಗೆ ಕರೆಸಿದ. ಜಗಲಿಯ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇತ್ತು. ಜಗಲಿಯ ಕಂಬಕ್ಕೆ ಹಾರ್ನ್ ಕಟ್ಟಿತ್ತು. ಗಣರಾಜ್ಯದ ದಿನ ಬಾವುಟ ಹಾರಿಸುವಾಗ ಭಾಷಣಕ್ಕೆಂದು ಗೋಣಿಕೊಪ್ಪದಿಂದ ಬಾಡಿಗೆಗೆ ತಂದ ಮೈಕಿನ ಹಾರ್ನ್ ಅದು, ಸಂಜೆ ವಾಪಸು ಹೋಗಬೇಕಿತ್ತು. ಅದರ ತಂತಿಯನ್ನು ನಾಣಯ್ಯ ಟೇಪ್ ರೆಕಾರ್ಡರಿಗೆ ಸೇರಿಸಿದ್ದ.

"ಬಾ ಮಾರಾಯ, ಕೂತ್ಕೊ" ಎಂದ ನಾಣಯ್ಯ. "ನಿಮ್ಮ ಹಾಡು ಪೂರಾ ಒಟ್ಟು ಮಾಡಿದೆ. ಹದಿಮೂರೂ ಒಂದೇ ಚಕ್ರದಲ್ಲಿ ಉಂಟು."

"ಎಲ್ಲಾವಾ ರೈಟ್ರಯ್ಯ?" ಜವರನ ಸ್ವರ ಒಣಗಿದ ಎಲೆಯ ಮೇಲೆ ಕಾಲೆಳೆದ ಹಾಗಿತ್ತು.

"ಎಲ್ಲಾ. ಕ್ಲಬ್ಬಿಂದ ಇನ್ನೊಂದು ಮೆಷಿನ್ ಸಾಲ ತಂದು, ಒಂದ್ರಲ್ಲಿ ಹಾಡಿಸಿ ಇನ್ನೊಂದ್ರಲ್ಲಿ ಹಿಡ್ದೆ. ಒಂದು ವಾರ ಹೋಯ್ತು. ಮೈಸೂರಿನ ರೇಡಿಯೊದವ್ರಿಗೆ ತಕೊಂಡ್ಹೋಗಿ ಕೇಳಿಸ್ಬೇಕು ಅಂತ ಉಂಟು ನಂಗೆ."

"ಸಣ್ಣ ಚಕ್ರಗಳು?"

"ಅದ್ರ ಮೇಲೆ ಮೈದುನನ ಮದುವೆ ಹಿಡ್ದಾಯ್ತು. ಟೇಪಿಗೆ ಎಂಥ ಕ್ರಯ ಗೊತ್ತುಂಟಾ ನಿಂಗೆ? ಈಗ ಇದೊಂದೇ ಇರುದು. ಕೈ ಹಾಕ್ಬೇಡ, ಬೆವರು ತಾಗ್ತದೆ."

ಜವರ ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದಕ್ಕೆ ಕೂತ.

ನಾಣಯ್ಯ ಗುಂಡಿ ಒತ್ತಿದ. ಮೊದಲು ಗರಗರ ಎಂದಿತು. ಆಮೇಲೆ ಬೀರನ ತಮಟೆ. ಹಾರ್ನಿನಿಂದ ಹೊರಟ ಬಡಿತ ಕಾಫಿಗಿಡಗಳ ಮೇಲೆ ಹಾದು ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ಬೀರ ಪಕ್ಕದಲ್ಲೇ ನಿಂತು ಬಡಿದಾಗಲೂ ಅವನ ತಮಟೆ ಇಷ್ಟು ದೊಡ್ಡದಾಗಿ ಕೇಳಿರಲಿಲ್ಲ. ಹಿಂದೆಯೇ ಒಂದು ಸ್ವರ ಬಂತು. ಸಣ್ಣ, ಕೀರಲು, ಮರಿ ಕಳಕೊಂಡ ಮೇಕೆಯದೊ ಹೆಂಗಸಿನದೊ ಎಂಬಂಥ ಸ್ವರ. ತನ್ನ ಸ್ವರ ದಪ್ಪವೆಂದು ಜವರ ತಿಳಿದಿದ್ದ. ಎದೆಯೊಳಗೆ ಅದು ದಪ್ಪವಾಗಿಯೇ ಅದುರುತ್ತಿತ್ತು.

"ಇದ್ಯಾರು, ಪಾಪನಾ?" ಎಂದು ಕೇಳಿದ.

"ನೀನೇ."

"ನಾನಾ?"

"ಮತ್ತೆ ನಾನಾ? ಸುಮ್ನೆ ಕೇಳು."

ಮೊದಲ ಹಾಡು ಮುಗಿಯಿತು. ಮಧ್ಯೆ ಒಂದು ಕೋಳಿ ಕೂಗಿತು. ಬಳಿಕ ನಾಣಯ್ಯನ ಹೆಂಡತಿ ಹೊನ್ನಮ್ಮನ ಮಾತು, "ಕಾಫಿ ಆರಿಹೋತ್ ನೋಡಿ" ಎಂದು ಇಡೀ ಎಸ್ಟೇಟಿಗೆ ಕೇಳುವಷ್ಟು ಜೋರಾಗಿ. ನಾಣಯ್ಯನ ಮುಖ ಕೆಂಪಾಯಿತು. "ಮೈಕ್ ಎದುರಿಗಿಟ್ಟು ಹಿಡ್ದದ್ದಲ್ವ, ಮನೆ ಸದ್ದೆಲ್ಲ ಒಳಗೆ ಬಂದಿದೆ" ಎಂದ. ಮತ್ತೆ ಬಹಳ ಹೊತ್ತು ಬರಿಯ ಬಡಿತ, ಆಮೇಲೆ ಎರಡನೆಯ ಹಾಡು ಶುರುವಾಯಿತು. ಜವರ ಹಾರ್ನಿನ ಬಾಯನ್ನೇ ನೋಡುತ್ತಿದ್ದ. ಈ ಕೂಗುವವನಿಗೆ ಏನಾಗಿದೆ ಎಂದು ಅವನಿಗೆ ಅನಿಸಿತು. ಅಳುತ್ತಿದ್ದಾನೋ ಬಯ್ಯುತ್ತಿದ್ದಾನೋ ಹೇಳುವಂತಿರಲಿಲ್ಲ. ಇನ್ನೂ ಎರಡು ಮೂರು ಹಾಡು ಕೇಳಿದರೆ ಗೊತ್ತಾದೀತು ಎಂದುಕೊಂಡ.

ಮೂರನೆಯದು ಅರ್ಧಕ್ಕೆ ಬಂದಿತ್ತು. ಆಗ ಲೈನಿನ ಕಡೆಯಿಂದ ಅಳು ಕೇಳಿತು. ಅದು ಟೇಪಿನದೆಂದೇ ಇಬ್ಬರೂ ತಿಳಿದರು. ಆಮೇಲೆ ಇಳಿಜಾರಿನ ದಾರಿಯಲ್ಲಿ ಜನ ಕಾಣಿಸಿದರು. ಹಣ್ಣಿನ ಚೀಲ ಸೊಂಟದಲ್ಲೇ ಇತ್ತು. ಗಂಡಸರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದರು, ಹೆಂಗಸರ ಸೆರಗಿನ ತುದಿಯಲ್ಲಿ ಒಂದೊಂದು ಗಂಟು.

ಆ ಲೈನಿನಲ್ಲಿ ಒಂದು ಕ್ರಮವಿತ್ತು. ಸಾವಿನ ಬಡಿತ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಡಬೇಕು. ಮನೆ ಹೊಕ್ಕು ಸತ್ತವರ ಬಾಯಿಗೆ ಹಾಕಲು ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಸದ್ದು ಬಂದ ಕಡೆ ಹೋಗಬೇಕು. ಹೋದವರು ಮೊದಲು ಅಳಬೇಕು. ಸತ್ತದ್ದು ಯಾರೆಂದು ಆಮೇಲೆ ಕೇಳಬೇಕು. ಕೇಳಿಕೊಂಡು ಅತ್ತರೆ ಅದು ಅಳೆದು ಅತ್ತ ಹಾಗೆ. ಮತ್ತೆ, ತಮಟೆಯ ಹಸಿರು ಟೇಪಿನಲ್ಲಿ ಹೇಗೆ ಕಾಣಬೇಕು?

ಬಂದವರೆಲ್ಲ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತರು. ನಾಣಯ್ಯ ಎದ್ದು ನಿಂತ. ಏನು ಮಾಡಬೇಕೆಂದು ತೋಚದೆ ಅವನೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾರ್ನಿನಲ್ಲಿ ಮೂರನೆಯ ಹಾಡಿನ ನಡುವಿನ ಬಡಿತ ನಡೆದೇ ಇತ್ತು. ಅಳು ಸ್ವಲ್ಪ ತಗ್ಗಿದ ಮೇಲೆ ಸಣ್ಣಸ್ವಾಮಿ ಎಂಬ ಬಾಯಿಬಡುಕ ತಲೆಯೆತ್ತಿ ನೋಡಿದ.

"ರೈಟ್ರು ನಿಂತವ್ರಲ್ಲ" ಎಂದ. "ನಿಂತ್ಕಂಡೇ ಹೋದ್ರಾ?"

"ಥೂ, ಬಾಯ್ ಮುಚ್ಚು" ಎಂದಳು ಪಕ್ಕದವಳು. "ಹೊನ್ನಮ್ಮೋರಿರ್ಬೇಕು. ಅವ್ರ ದನಿ ಕೇಳ್ತಲ್ಲ ಈಗ."

"ಸತ್ತೋರು ಕಾಫಿ ಕುಡೀರಿ ಅಂತಾರಾ?"

ನಾಣಯ್ಯನಿಗೆ ಆಗ ತಿಳಿಯಿತು. ಗುಂಡಿ ಒತ್ತಿ ನಿಲ್ಲಿಸಿದ. "ಯಾರೂ ಸತ್ತಿಲ್ಲ, ಇದು ಟೇಪು, ಎಲ್ಲಾ ಕೆಲ್ಸಕ್ಕೆ ಹೋಗಿ" ಎಂದ. ಯಾರೂ ಏಳಲಿಲ್ಲ.

ಅಷ್ಟರಲ್ಲಿ ಜವರನ ತಾಯಿ ಬೆಳ್ಳಿ ಬಂದಳು. ಅವಳು ಹಣ್ಣು ಕೊಯ್ಯುವ ಸಾಲು ದೂರದ್ದು, ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ತಲೆ ಕೆದರಿತ್ತು, ಒಂದು ಕಾಲಿನಲ್ಲಿ ರಕ್ತ ಸೋರುತ್ತಿತ್ತು. ಜಗಲಿಯ ಮೇಲೆ ಕೂತಿದ್ದ ಮಗನನ್ನು ನೋಡಿ ಅವಳು ನಿಂತಳು. ಹತ್ತಿರ ಬಂದು ಅವನ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಯಾಕವ್ವ?" ಎಂದ ಜವರ.

"ನಿನ್ ದನೀಲಿ ಸಾವು ಕರೀತು ಕಣ್ಲಾ" ಎಂದಳು ಬೆಳ್ಳಿ. "ನೀನೇ ಹೋದೆ ಅಂದ್ಕಂಡು ಬಂದೆ."

ಜವರನಿಗೆ ಇದು ಅರ್ಥವಾಗಲಿಲ್ಲ. ಅವನು ಹಾಡುತ್ತಿದ್ದ ಎರಡು ವರ್ಷವೂ ಅವಳು ಕಣದ ಕಡೆ ಬಂದವಳಲ್ಲ. ಎಲ್ಲರೆದುರು ನಿಂತು ಕೂಗುವ ಕೆಲಸ ನಿನಗ್ಯಾಕೆ ಎಂದು ಬಯ್ಯುತ್ತಿದ್ದಳು. ತನಗೇ ಗುರುತು ಸಿಗದ ಸ್ವರ ಅವಳಿಗೆ ಎರಡು ಗುಡ್ಡದಾಚೆಯಿಂದ ಹೇಗೆ ಸಿಕ್ಕಿತು?

ದೊಡ್ಡಿ ಮೆಟ್ಟಿಲು ಹತ್ತಿ ಬಂದಳು. "ತಪ್ಪೋ ಒಪ್ಪೋ ಆಗೋಯ್ತು" ಎಂದಳು. "ಈಗ ಸೆರಗಲ್ಲಿ ಸಾವಿನಕ್ಕಿ ಅದೆ. ಅದು ಒಲೆಗೆ ವಾಪಸ್ ಹೋಗಂಗಿಲ್ಲ, ಬೀದಿಗೆ ಚೆಲ್ಲಂಗಿಲ್ಲ. ಒಂದು ಬಾಯಿ ಬೇಕು."

"ಎಂಥ ಬಾಯಿ?" ಎಂದ ನಾಣಯ್ಯ.

"ಯಾರ ದನೀಲಿ ಕರೀತೊ ಅವ್ರ ಬಾಯಿ."

ಎಲ್ಲರೂ ಜವರನ ಕಡೆ ನೋಡಿದರು. ಅವರಲ್ಲಿ ಸಿಟ್ಟೇನೂ ಇರಲಿಲ್ಲ. ಹಿಡಿಯಲ್ಲಿ ಅಕ್ಕಿ ಇತ್ತು, ಕೆಲಸಕ್ಕೆ ಹೊತ್ತಾಗುತ್ತಿತ್ತು.

ಜವರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಲೈನಿನಲ್ಲಿ ಚೌಡ ಎಂಬವನೊಬ್ಬನಿದ್ದ. ಲಕ್ಷ್ಮಣತೀರ್ಥ ತುಂಬಿ ಹರಿಯುವಾಗ ಕೊಚ್ಚಿಹೋದನೆಂದು ಹಿಟ್ಟಿನ ಬೊಂಬೆ ಮಾಡಿ ಅದರ ಬಾಯಿಗೆ ಅವನ ಹೆಸರಿನಲ್ಲಿ ಅಕ್ಕಿ ಹಾಕಿದ್ದರು. ಅವನು ಬದುಕಿ ಬಂದ. ಬಂದರೂ ಅಕ್ಕಿ ಬಿದ್ದಾಗಿತ್ತು, ಲೈನಿನ ಲೆಕ್ಕಕ್ಕೆ ಅವನು ಸತ್ತವನೇ. ಅವನು ಈಗ ಎಸ್ಟೇಟಿನ ಗಡಿ ಚರಂಡಿಯಾಚೆ ಒಂದು ಗುಡಿಸಲಿನಲ್ಲಿದ್ದ. ಯಾರೂ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನ ಹೆಂಡತಿ ಮುದ್ದಿ ನೀರಿಗೆ ಹೋಗುವಾಗ ಆ ಗುಡಿಸಲು ದಾಟಿಯೇ ಹೋಗಬೇಕಿತ್ತು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

"ಬಡಿತ ಬೀರಂದು, ಅವ್ನ್ ಕೇಳಿ ಮೊದ್ಲು" ಎಂದು ಯಾರೋ ಅಂದರು.

ಗುಂಪಿನ ಹಿಂದೆ ನಿಂತಿದ್ದ ಬೀರ ಮುಂದೆ ಬರಲಿಲ್ಲ. "ಬಡಿತ ನಂದೇ" ಎಂದ. "ತಮಟೆಗೆ ಬಾಯಿ ಎಲ್ಲಿ ಅದೆ?" ಆಮೇಲೆ ನೆಲ ನೋಡಿದ. ಅವನ ಮಾವ ಪಕ್ಕದಲ್ಲೇ ಇದ್ದ.

ನಾಣಯ್ಯ ಜವರನ ಹತ್ತಿರ ಬಗ್ಗಿ ತಗ್ಗಿದ ಸ್ವರದಲ್ಲಿ ಹೇಳಿದ. "ಹೆದರ್ಬೇಡ. ನಂದೇ ಸ್ವರ, ನಾನು ಬದುಕಿದ್ದೇನೆ, ಯಾರಿಗೂ ಏನೂ ಆಗ್ಲಿಲ್ಲ ಅಂತ ಹೇಳು. ಮುಗೀತು. ಅಕ್ಕಿಗೆ ನಾನು ಬೇರೆ ಅಕ್ಕಿ ಕೊಡಿಸ್ತೇನೆ."

"ಹಂಗಂದ್ರೆ ಬಾಯಿ ತೆಗೀಲಿ, ಹಾಕ್ತೀವಿ" ಎಂದಳು ದೊಡ್ಡಿ. ಅವಳಿಗೆ ಕಿವಿ ಚೆನ್ನಾಗಿತ್ತು.

"ಅವಂದಲ್ಲ ಅಂದ್ರೆ?" ಎಂದ ನಾಣಯ್ಯ.

"ಅಲ್ಲ ಅಂದ್ರೆ ದನಿ ಆ ಚಕ್ರದ್ದು. ಅದಕ್ಕೆ ಅಕ್ಕಿ ಹಾಕಿ ಹೂಳ್ತೀವಿ."

"ಹೂಳ್ಳಿಕ್ಕೆ ಅದೇನು ಹೆಣವಾ? ನನ್ನ ವಾರದ ಕೆಲ್ಸ ಅದು. ಬೇರೆ ಇಲ್ಲ, ಇದೊಂದೇ ಇರುದು."

"ಹಂಗಾರೆ ನೀವ್ ಬಾಯಿ ತೆಗೀರಿ ರೈಟ್ರಯ್ಯ" ಎಂದ ಸಣ್ಣಸ್ವಾಮಿ. ಇಬ್ಬರು ನಕ್ಕರು. ದೊಡ್ಡಿ ನಗಲಿಲ್ಲ.

ಬೆಳ್ಳಿ ಕೂತಲ್ಲಿಂದಲೇ ಮಗನ ಪಂಚೆಯ ಅಂಚು ಹಿಡಿದೆಳೆದಳು. "ನಂದಲ್ಲ ಅನ್ನು" ಎಂದಳು. "ಅದು ನಿನ್ ದನಿ ಅಲ್ಲ. ಅನ್ನು."

"ಈಗ ನೀನೇ ಅಂದ್ಯಲ್ಲವ್ವ, ನನ್ನ ದನಿ ಅಂತ."

"ನಾನಂದೆ. ನೀನ್ ಅನ್ಬೇಡ."

ಜವರ ಮೇಜಿನ ಮೇಲಿನ ಚಕ್ರ ನೋಡಿದ. ಒಂದು ಕಡೆ ಟೇಪು ಸ್ವಲ್ಪವೇ ಸುತ್ತಿತ್ತು, ಇನ್ನೊಂದು ಕಡೆ ತುಂಬಾ ಉಳಿದಿತ್ತು. ಅದರೊಳಗೆ ಇನ್ನೂ ಹತ್ತು ಹಾಡಿನ ಮೇಲೆ ಇತ್ತು, ಅವನ್ನೆಲ್ಲ ಅವನು ಕೂಗಿದ್ದ, ಒಂದನ್ನೂ ಕೇಳಿರಲಿಲ್ಲ.

"ದೊಡ್ಡತ್ತೆ" ಎಂದ. "ಉಳಿದದ್ದು ಒಂದ್ಸಲ ಕೇಳಿ ಆಮೇಲೆ ಹೂಳಿದ್ರೆ ಆಗಲ್ವಾ?"

"ಕೇಳಂಗಿದ್ರೆ ಬಡಿತಾನೂ ಕೇಳ್ತದೆ. ಅಲ್ನೋಡು." ದೊಡ್ಡಿ ಗೇಟಿನ ಕಡೆ ಕೈ ತೋರಿಸಿದಳು. ಪಕ್ಕದ ಎಸ್ಟೇಟಿನ ಜನ ರಸ್ತೆಯಲ್ಲಿ ಬರುತ್ತಿದ್ದರು. ಅವರ ಹೆಂಗಸರು ಆಗಲೇ ಅಳಲು ಶುರುಮಾಡಿದ್ದರು. "ಅವ್ರು ಬರೋದ್ರೊಳ್ಗೆ ಹೇಳು. ಆಮೇಲೆ ಅವ್ರ ಅಕ್ಕಿಗೂ ನಾನ್ ಜವಾಬ್ ಹೇಳ್ಬೇಕು."

ನಾಣಯ್ಯ ಕೈಗಡಿಯಾರ ನೋಡಿಕೊಂಡ. ಕೊಯ್ದ ಹಣ್ಣು ಗಿಡದ ಬುಡದಲ್ಲೇ ಬಿದ್ದಿತ್ತು, ಸಾಹುಕಾರರ ಜೀಪು ಯಾವಾಗ ಬೇಕಾದರೂ ಬರಬಹುದಿತ್ತು. ಅವನು ಕನ್ನಡಕ ಹಾಕಿಕೊಂಡು ಮೇಜಿನ ಹತ್ತಿರ ಹೋದ.

ಜವರ ಎದ್ದು ನಿಂತ. ಅದು ತನ್ನ ಸ್ವರವೆಂದು ನಾಣಯ್ಯ ಹೇಳಿದ್ದ, ತಾಯಿ ಹೇಳಿದ್ದಳು. ಕೂಗಿದ ನೆನಪೂ ಇತ್ತು. ಕಿವಿ ಮಾತ್ರ ಒಪ್ಪಿರಲಿಲ್ಲ. ಹೌದು ಎಂದರೂ ಅಲ್ಲ ಎಂದರೂ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು. ಚೌಡನ ಗುಡಿಸಲು ಕಣ್ಣ ಮುಂದೆ ಬಂತು.

"ನಂದಲ್ಲ" ಎಂದ.

ಅವನ ಬಾಯಿಂದ ಬಂದದ್ದು ಗಾಳಿ, ಅದರ ಜೊತೆ ಸ್ವಲ್ಪ ಗೊರಗೊರ. ಮುಂದೆ ನಿಂತವರಿಗಷ್ಟೇ ಕೇಳಿತು. ಹಿಂದಿನವರು ಏನಂದ ಏನಂದ ಎಂದು ಕೇಳಿದರು.

"ಅವಂದಲ್ವಂತೆ" ಎಂದಳು ಮುಂದಿದ್ದವಳು. "ಸರಿಯಾಗೇ ಅದೆ. ಈ ಗಂಟಲಿಗೂ ಆ ದನಿಗೂ ಎತ್ಲಿಂದೆತ್ತ?"

ಎಲ್ಲರಿಗೂ ಅದು ಸರಿಯೆಂದು ಕಂಡಿತು. ಕಣ್ಣಾರೆ ಅವನ ಹಾಡು ನೋಡಿದವರೂ ತಲೆಯಾಡಿಸಿದರು. ನಿಜವಾಗಿ ಮರೆತಿದ್ದರೋ, ಬೇಗ ಮುಗಿಯಲಿ ಎಂದೋ, ಜವರನಿಗೆ ಗೊತ್ತಾಗಲಿಲ್ಲ. ಬೀರನೂ ತಲೆಯಾಡಿಸಿದ.

ನಾಣಯ್ಯ ತಾನೇ ಚಕ್ರ ಬಿಚ್ಚಿ ಕೊಟ್ಟ. ಬರಿಗೈಯಲ್ಲೇ ಹಿಡಿದು ಕೊಟ್ಟ. ಖಾಲಿ ಚಕ್ರವನ್ನಾದರೂ ಬಿಡಿ ಎಂದು ಕೇಳಿದ, ಬಾಯಿಯ ಜೊತೆ ದವಡೆಯೂ ಹೋಗಬೇಕು ಎಂದಳು ದೊಡ್ಡಿ. ಕಣದ ಹಿಂದೆ ಸಿಪ್ಪೆ ಗೊಬ್ಬರದ ಪಕ್ಕ ಮೊಣಕಾಲುದ್ದ ಗುಂಡಿ ತೋಡಿದರು. ಚಕ್ರವನ್ನು ಬಾಳೆ ಎಲೆಯ ಮೇಲೆ ಮಲಗಿಸಿದರು. ಅದರ ನಡುವಿನ ತೂತೇ ಬಾಯಿ ಎಂದಾಯಿತು. ಮನೆಗೊಬ್ಬರಂತೆ ಬಂದು ಬಗ್ಗಿ ಅಕ್ಕಿ ಹಾಕಿದರು. ಪಕ್ಕದ ಎಸ್ಟೇಟಿನವರು ಅಕ್ಕಿ ತರುವಷ್ಟು ಹೊತ್ತು ಸಿಕ್ಕಿರಲಿಲ್ಲವೆಂದು ಸುಮ್ಮನೆ ನಿಂತು ನೋಡಿದರು. ಬೆಳ್ಳಿ ಅಕ್ಕಿ ಹಾಕುವಾಗ ಜೋರಾಗಿ ಅತ್ತಳು. ಯಂತ್ರದ ತುಂಡಿಗೆ ಇವಳ್ಯಾಕೆ ಹೀಗೆ ಅಳುತ್ತಾಳೆ ಎಂದು ಅವರು ಪಿಸುಗುಟ್ಟಿದರು.

ಜವರನ ಸರದಿ ಬಂತು. ಅವನ ಹತ್ತಿರ ಅಕ್ಕಿ ಇರಲಿಲ್ಲ. ಬೀರ ತನ್ನ ಹಿಡಿಯಲ್ಲಿ ಅರ್ಧ ಕೊಟ್ಟ.

"ಏನ್ ಕೇಳ್ದೆ ಅದ್ರಲ್ಲಿ?" ಎಂದು ಬೀರ ಮೆಲ್ಲಗೆ ಕೇಳಿದ. "ಚೆನ್ನಾಗಿತ್ತಾ?"

"ಗೊತ್ತಾಗ್ಲಿಲ್ಲ ಕಣ್ಲಾ" ಎಂದ ಜವರ. "ನಿನ್ನ ತಮಟೆ ಚೆನ್ನಾಗಿತ್ತು."

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ತೊರೆಯಲ್ಲಿ ಕೈಕಾಲು ತೊಳೆದು ಹೋದರು. ಸೂತಕವಿದ್ದ ದಿನ ಮತ್ತೆ ಹಣ್ಣು ಮುಟ್ಟುವಂತಿಲ್ಲ ಎಂದು ಯಾರೋ ನೆನಪಿಸಿದರು, ಕೆಲಸ ಅಲ್ಲಿಗೇ ನಿಂತಿತು. ಲೈನಿನವರ ಲೆಕ್ಕದಲ್ಲಿ ಹೋದದ್ದು ಇಷ್ಟು: ಆಳಿಗೆ ಅರ್ಧ ದಿನದ ಕೂಲಿ, ಇಪ್ಪತ್ತೆರಡು ಹಿಡಿ ಅಕ್ಕಿ. ನಾಣಯ್ಯನದು ಒಂದು ಚಕ್ರ ಟೇಪು. ಹಾಡು ಹದಿಮೂರು, ಅದರಲ್ಲಿ ಜವರ ಕೇಳದೆ ಹೋದದ್ದು ಹತ್ತೂವರೆ.